ಮೆದುಳನ್ನೇ ದಾನವಿತ್ತ 678 ಧರ್ಮಭಗಿನಿಯರು

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ನಮ್ಮ ಮನೆಗಳಲ್ಲಿ ಸುಲಭವಾಗಿ ಬಾಯಿಗೆ ಬರುತ್ತದೆ. ಅಜ್ಜಿ ಊಟ ಮಾಡಿದ್ದನ್ನು ಮರೆತು ಮತ್ತೆ ತಟ್ಟೆಯ ಮುಂದೆ ಕುಳಿತರೆ ನಗುತ್ತೇವೆ. ಕೇಳಿದ್ದನ್ನೇ ಹತ್ತನೆಯ ಬಾರಿ ಕೇಳಿದರೆ ಗದರುತ್ತೇವೆ. ವಯಸ್ಸಾದ ಮೇಲೆ ಇದು ಇದ್ದದ್ದೇ ಎಂದು ಸುಮ್ಮನಾಗುತ್ತೇವೆ. ಆದರೆ ಇದು ನಿಜವಾಗಿಯೂ ವಯಸ್ಸಿನ ಸಹಜ ಗುಣವೇ? ಹಾಗಾದರೆ ನೂರು ದಾಟಿದ ಕೆಲವರು ಚುರುಕಾಗಿಯೇ ಇರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಒಬ್ಬ ವಿಜ್ಞಾನಿಯ ಮತ್ತು ಅವರಿಗೆ ನೆರವಾದ ಧರ್ಮಭಗಿನಿಯರ ಕಥೆಯನ್ನು ಈ ವಾರ ತಿಳಿಯೋಣ.

ರೋಗವೇ ಹೊರತು ಹಟವಲ್ಲ

ನೆನಪು, ಮಾತು, ವಿವೇಚನೆ ಮೆಲ್ಲಮೆಲ್ಲನೆ ಕುಂದಿ ದಿನನಿತ್ಯದ ಬಾಳಿಗೇ ಅಡ್ಡಿಯಾಗುವ ಸ್ಥಿತಿಗೆ ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರು ಕಂಡ ರೋಗಿ ಆಸ್ಪತ್ರೆಗೆ ಸೇರಿದಾಗ ಕೇವಲ 51 ವರ್ಷದ ಹೆಂಗಸು. ಆಕೆ ತೀರಿಕೊಂಡ ಬಳಿಕ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ನಡುವೆ ಗಟ್ಟಿಯಾದ ಚಕ್ಕೆಗಳೂ ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳೂ ಕಂಡವು. ಚಕ್ಕೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನಿಂದಲೂ ಸಿಕ್ಕುಗಳು ಟೌ ಎಂಬ ಪ್ರೋಟೀನಿನಿಂದಲೂ ಆದವು ಎಂದು ಇಂದು ನಮಗೆ ತಿಳಿದಿದೆ.

ಆದ್ದರಿಂದ ಮರೆಯುವ ಹಿರಿಯರು ಹಟ ಮಾಡುತ್ತಿಲ್ಲ, ನಾಟಕ ಆಡುತ್ತಿಲ್ಲ. ಅವರ ಮೆದುಳು ಕಾಯಿಲೆ ಬಿದ್ದಿದೆ.

ಕನ್ಯಾಮಠವನ್ನೇ ಏಕೆ ಆರಿಸಿದರು?

ಅಮೆರಿಕದ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ 1986ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ಅಧ್ಯಯನ ಆರಂಭಿಸಿದರು. ಮುಂದೆ ಅದನ್ನು ಕೆಂಟಕಿ ವಿಶ್ವವಿದ್ಯಾಲಯದಲ್ಲಿ ವಿಸ್ತರಿಸಿದರು. ಅವರು ಆರಿಸಿಕೊಂಡದ್ದು ಸ್ಕೂಲ್ ಸಿಸ್ಟರ್ಸ್ ಆಫ್ ನೋತ್ರ್ ದಾಮ್ ಸಭೆಯ ಹಿರಿಯ ಧರ್ಮಭಗಿನಿಯರನ್ನು. ಇದು 1833ರಲ್ಲಿ ಬವೇರಿಯಾದಲ್ಲಿ ಹುಟ್ಟಿ, 1847ರಲ್ಲಿ ಅಮೆರಿಕಕ್ಕೆ ಹೋದ, ಶಿಕ್ಷಣ ಸೇವೆಯ ಸಭೆ.

ಈ ಆಯ್ಕೆಗೆ ಬಲವಾದ ಕಾರಣವಿತ್ತು. ಹೊರಗಿನ ಜನರನ್ನು ಹೋಲಿಸಿದರೆ ಒಬ್ಬರು ಬಡವರು, ಒಬ್ಬರು ಸಿರಿವಂತರು. ಒಬ್ಬರು ಬೀಡಿ ಸೇದುವವರು, ಇನ್ನೊಬ್ಬರು ಕುಡಿಯುವವರು. ಕಾಯಿಲೆಗೆ ಯಾವುದು ಕಾರಣ ಎಂದು ಬಿಡಿಸುವುದು ಕಷ್ಟ. ಮಠದಲ್ಲಾದರೋ ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಸೂರು, ಒಂದೇ ಬಗೆಯ ವೈದ್ಯಕೀಯ ಆರೈಕೆ. ಹೆರಿಗೆಯಿಲ್ಲ, ಧೂಮಪಾನವಿಲ್ಲವೆನ್ನಬಹುದು. ಇಷ್ಟೆಲ್ಲ ಸಮನಾಗಿದ್ದೂ ಒಬ್ಬರಿಗೆ ಮರೆವು ಬಂದು ಮತ್ತೊಬ್ಬರಿಗೆ ಬಾರದಿದ್ದರೆ, ಉಳಿದ ವ್ಯತ್ಯಾಸಗಳು ಎದ್ದು ಕಾಣುತ್ತವೆ.

ಸ್ನೋಡನ್ ಕೇಳಿದ ಸಹಾಯ ಸಣ್ಣದಲ್ಲ. ನೆನಪು ಮತ್ತು ದೇಹಶಕ್ತಿಯ ಪರೀಕ್ಷೆಗೆ ನಿಯಮಿತವಾಗಿ ಒಪ್ಪಬೇಕು. ಮಠದ ಕಡತಗಳನ್ನು ತೆರೆದಿಡಬೇಕು. ಸತ್ತ ಮೇಲೆ ಮೆದುಳನ್ನು ದಾನ ಮಾಡಬೇಕು. 1917ಕ್ಕೆ ಮೊದಲು ಹುಟ್ಟಿದ್ದ 1,027 ಧರ್ಮಭಗಿನಿಯರಲ್ಲಿ 678 ಮಂದಿ ಒಪ್ಪಿದರು. ಬದುಕಿಡೀ ಮಕ್ಕಳಿಗೆ ಪಾಠ ಹೇಳಿದವರು ಸತ್ತ ಮೇಲೂ ಪಾಠ ಹೇಳಲು ಒಪ್ಪಿದರು ಎನ್ನಬಹುದು.

ಇಪ್ಪತ್ತೆರಡರ ಹರೆಯದ ಬರಹ

ಮಠದ ಕಡತಗಳಲ್ಲಿ ಒಂದು ನಿಧಿ ಸಿಕ್ಕಿತು. 1930ರ ದಶಕದಲ್ಲಿ ವ್ರತ ಸ್ವೀಕರಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಕೈಯಾರೆ ಒಂದು ಪುಟದಷ್ಟು ಆತ್ಮಕಥೆ ಬರೆದಿದ್ದರು. ಆಗ ಅವರ ಸರಾಸರಿ ವಯಸ್ಸು 22. ಇಂತಹ 93 ಬರಹಗಳನ್ನು ಸ್ನೋಡನ್ ಮತ್ತು ಭಾಷಾಪರಿಣತೆ ಸೂಸನ್ ಕೆಂಪರ್ ಪರಿಶೀಲಿಸಿದರು. ಹತ್ತು ಪದಗಳಲ್ಲಿ ಎಷ್ಟು ವಿಚಾರಗಳು ಅಡಗಿವೆ ಎಂದು ಎಣಿಸಿದರು.

ನಮ್ಮದೇ ಒಂದು ಉದಾಹರಣೆ ನೋಡೋಣ. "ನಾನು ಹಳ್ಳಿಯಲ್ಲಿ ಹುಟ್ಟಿದೆ. ಅಪ್ಪ ರೈತರು" ಎಂಬುದು ಒಂದು ಬಗೆ. "ಮೂವರು ಗಂಡುಮಕ್ಕಳ ಬಳಿಕ ಹುಟ್ಟಿದ ನನ್ನನ್ನು, ಸಾಲದ ನಡುವೆಯೂ ಅಪ್ಪ ಹಟ ಹಿಡಿದು ಓದಿಸಿದರು" ಎಂಬುದು ಇನ್ನೊಂದು ಬಗೆ. ಎರಡನೆಯದರಲ್ಲಿ ವಿಚಾರಗಳ ಸಾಂದ್ರತೆ ಹೆಚ್ಚು.

1996ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗಾಗಿಸಿತು. ಅಷ್ಟರಲ್ಲಿ ತೀರಿಕೊಂಡಿದ್ದ 14 ಮಂದಿಯ ಮೆದುಳನ್ನು ಪರೀಕ್ಷಿಸಿದಾಗ, ಹರೆಯದ ಬರಹದಲ್ಲಿ ವಿಚಾರ ಸಾಂದ್ರತೆ ಕಡಿಮೆಯಿದ್ದವರೆಲ್ಲರಲ್ಲೂ ಆಲ್ಝೈಮರ್ ಗುರುತುಗಳಿದ್ದವು. ಹೆಚ್ಚಿದ್ದವರಲ್ಲಿ ಒಬ್ಬರಲ್ಲೂ ಇರಲಿಲ್ಲ. ಆದರೆ ಇಲ್ಲಿ ಆತುರದ ತೀರ್ಮಾನ ಬೇಡ. 14 ಎಂಬುದು ಸಣ್ಣ ಸಂಖ್ಯೆ. ಸರಳವಾಗಿ ಬರೆಯುವುದರಿಂದ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ಚೆನ್ನಾಗಿ ಬೆಳೆದ ಮೆದುಳು ರೋಗವನ್ನು ತಡೆಯುತ್ತದೆಯೋ, ಅಥವಾ ರೋಗದ ಬೇರು ಹರೆಯದಲ್ಲೇ ಇಳಿದಿರುತ್ತದೆಯೋ ಎಂಬುದನ್ನು ಈ ಲೆಕ್ಕ ಹೇಳಲಾರದು.

ಸಿಸ್ಟರ್ ಮೇರಿಯವರ ಮೆದುಳು

ಈ ಅಧ್ಯಯನದಲ್ಲಿ ಸ್ನೋಡನ್ ವಿಶೇಷವಾಗಿ ಎತ್ತಿ ಹೇಳಿದ ಹೆಸರು ಸಿಸ್ಟರ್ ಮೇರಿಯವರದು. ಎಂಟನೆಯ ತರಗತಿಯವರೆಗೆ ಓದಿ ಶಿಕ್ಷಕಿಯಾದ ಅವರು, ಬೇಸಿಗೆ ರಜೆಗಳಲ್ಲಿ ಓದುತ್ತಾ ಹೋಗಿ 41ನೆಯ ವಯಸ್ಸಿನಲ್ಲಿ ಹೈಸ್ಕೂಲು ಮುಗಿಸಿದರು. 101 ವರ್ಷ ಬಾಳಿ 1993ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲೂ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಪಡೆದರು. ಆದರೆ ಅವರ ಮೆದುಳನ್ನು ನೋಡಿದವರು ದಂಗಾದರು. ಅದರ ತುಂಬ ಆಲ್ಝೈಮರ್ ಕಾಯಿಲೆಯ ಚಕ್ಕೆಗಳು, ಸಿಕ್ಕುಗಳು! ರೋಗದ ಗುರುತು ಮೆದುಳಿನಲ್ಲಿತ್ತು, ನಡೆನುಡಿಯಲ್ಲಿ ಇರಲಿಲ್ಲ.

ಇದು ಹೇಗೆ ಸಾಧ್ಯ? ಒಂದು ಉತ್ತರ 1997ರಲ್ಲಿ ಸಿಕ್ಕಿತು. 102 ಧರ್ಮಭಗಿನಿಯರ ಮೆದುಳುಗಳಲ್ಲಿ 61ರಲ್ಲಿ ಆಲ್ಝೈಮರ್ ಗುರುತುಗಳಿದ್ದವು. ಆ 61 ಮಂದಿಯಲ್ಲಿ, ರಕ್ತನಾಳ ಕಟ್ಟಿಕೊಂಡು ಮೆದುಳಿಗೆ ಸಣ್ಣಪುಟ್ಟ ಆಘಾತವೂ ಆಗಿದ್ದವರಲ್ಲಿ ಡಿಮೆನ್ಶಿಯಾ ಹೆಚ್ಚಾಗಿ ಕಂಡಿತು. ಎಂದರೆ ರಕ್ತನಾಳಗಳನ್ನು ಕಾಪಾಡಿಕೊಂಡರೆ ಮೆದುಳು ಒಂದು ಹೊರೆಯನ್ನಾದರೂ ತಾಳಿಕೊಳ್ಳಬಹುದು. ಇನ್ನೊಂದು ಉತ್ತರ, ಕಲಿಕೆ ಮತ್ತು ಚಟುವಟಿಕೆಯಿಂದ ಮೆದುಳಿನಲ್ಲಿ ಕೂಡಿಬರುವ ಶಕ್ತಿಯ ಉಳಿತಾಯ. ಕಷ್ಟಕಾಲಕ್ಕೆ ಆಪದ್ಧನವಿದ್ದಂತೆ.

ಓದು ಬಾರದವರ ಗತಿಯೇನು?

ಈ ಪ್ರಶ್ನೆ ನಮ್ಮ ದೇಶಕ್ಕೆ ಬಹು ಮುಖ್ಯ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಅವರಲ್ಲಿ ಶಾಲೆಯ ಮೆಟ್ಟಿಲು ಹತ್ತದವರು ಎಷ್ಟೋ ಮಂದಿ. ಅವರಿಗೂ ಭರವಸೆಯ ಮಾತಿದೆ. ಡಾ. ಸುವರ್ಣಾ ಅಲ್ಲಾಡಿಯವರ ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ವರದಿ ಪ್ರಕಟಿಸಿತು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮ ಹಿರಿಯರಿಗೆ ಬಾಳೇ ಪಾಠಶಾಲೆ.

ಕರ್ನಾಟಕದಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮೆದುಳಿನ ಭಂಡಾರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಗ್ರಾಮಸ್ಥರನ್ನು ದೀರ್ಘಕಾಲದ ಅಧ್ಯಯನಕ್ಕೆ ಒಳಪಡಿಸಿದೆ.

ಮನೆಯಲ್ಲಿ ನಾವು ಮಾಡಬಹುದಾದದ್ದು

1. ಮರೆವು ಹೆಚ್ಚಾದರೆ ವೈದ್ಯರಿಗೆ ತೋರಿಸಿ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವುಗಳಿಗೆ ಚಿಕಿತ್ಸೆ ಇದೆ.

2. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ನಡುವಯಸ್ಸಿನಿಂದಲೇ ಹತೋಟಿಯಲ್ಲಿಡಿ. ತಂಬಾಕು ಬಿಡಿ.

3. ಕಿವಿ ಮಂದವಾದರೆ, ಕಣ್ಣು ಮಬ್ಬಾದರೆ ಅಲಕ್ಷ್ಯ ಮಾಡಬೇಡಿ. ಇವೂ ಅಪಾಯದ ಪಟ್ಟಿಯಲ್ಲಿವೆ. ಇಂತಹ 14 ಅಪಾಯಗಳನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜಿಸಿತು.

4. ಹಿರಿಯರನ್ನು ಮೂಲೆಗೆ ಕೂರಿಸಬೇಡಿ. ಕೈಲಾಗುವ ಕೆಲಸ ಕೊಡಿ, ಮಾತಾಡಿಸಿ, ಹಳೆಯ ಹಾಡು ಹಾಡಿಸಿ.

5. ಅವರು ತಪ್ಪು ಹೇಳಿದಾಗ ವಾದಕ್ಕಿಳಿಯಬೇಡಿ. ನೋಡಿಕೊಳ್ಳುವ ಹೊರೆ ಸೊಸೆಯೊಬ್ಬಳ ಮೇಲೆ, ಮಗಳೊಬ್ಬಳ ಮೇಲೆ ಬೀಳದಂತೆ ಎಲ್ಲರೂ ಸರದಿಯಲ್ಲಿ ಹಂಚಿಕೊಳ್ಳಿ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಲವರಿಗೆ ಕಾಯಿಲೆ ಬಂದೇ ಬರುತ್ತದೆ. ಅದು ಅವರ ತಪ್ಪಲ್ಲ, ಮನೆಯವರ ತಪ್ಪೂ ಅಲ್ಲ. ತಂದೆಯ ಬುದ್ಧಿ ಮಂಕಾದರೂ ಅವನನ್ನು ತಾಳ್ಮೆಯಿಂದ ಕಾಣಬೇಕು, ಕಡೆಗಣಿಸಬಾರದು ಎಂದು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ಮಕ್ಕಳಿಗೆ ಬುದ್ಧಿ ಹೇಳುತ್ತದೆ. ಈ ಸಂಜೆ ಮನೆಮಂದಿ ಒಟ್ಟಿಗೆ ಕುಳಿತಾಗ ಆ ಭಾಗವನ್ನು ಓದಿ, ನಮ್ಮ ಮನೆಯ ಹಿರಿಯರ ಜೊತೆ ಇಂದು ಯಾರು ಎಷ್ಟು ಹೊತ್ತು ಮಾತಾಡಿದೆವು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳೋಣ.