ಐವತ್ತು ನಿಮಿಷದ ಆಚೆಗಿನ ಲೆಕ್ಕ

ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಒಂದೆರಡು ವರ್ಷ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಪಳಗಿ, ಈಗ ಸ್ವಂತ ಪ್ರಾಕ್ಟೀಸ್ ಶುರು ಮಾಡಲು ಹೊರಟವರು ಮೊದಲು ಕೇಳುವುದು ಇದನ್ನೇ: "ದಿನಕ್ಕೆ ಎಷ್ಟು ಸೆಷನ್ ಇಟ್ಕೋಬಹುದು ಮೇಡಂ?" ಎಂಟು ಗಂಟೆ ದುಡಿಮೆ, ಹಾಗಾದರೆ ಎಂಟು ಸೆಷನ್ ಎನ್ನುವುದು ಬ್ಯಾಂಕು, ಕಚೇರಿ ನೋಡಿಕೊಂಡು ಬೆಳೆದ ನಮ್ಮೆಲ್ಲರ ತಲೆಯಲ್ಲಿರುವ ಲೆಕ್ಕ. ಈ ಕೆಲಸಕ್ಕೆ ಅದು ಹೊಂದುವುದಿಲ್ಲ. ಯಾಕೆ ಎನ್ನುವುದನ್ನು ನಿಧಾನವಾಗಿ ನೋಡೋಣ.

ಸೆಷನ್ ಎಂದರೆ ಸಾಮಾನ್ಯವಾಗಿ ಐವತ್ತು ನಿಮಿಷ. ಉಳಿದ ಹತ್ತು ನಿಮಿಷವನ್ನು ಹೊಸಬರು ಬಿಡುವು ಅಂದುಕೊಳ್ಳುತ್ತಾರೆ. ಅದು ಬಿಡುವಲ್ಲ, ಕೆಲಸದ್ದೇ ಭಾಗ. ಒಬ್ಬರು ಎದ್ದು ಹೋದ ಮೇಲೆ ಐದಾರು ಸಾಲು ಬರೆಯಬೇಕು: ಇವತ್ತು ಏನು ಬಂತು, ಪ್ರಾಣಕ್ಕೆ ಅಪಾಯದ ಸೂಚನೆ ಇತ್ತೇ, ನಾನು ಏನಾದರೂ ಮಾತು ಕೊಟ್ಟೆನೇ, ಮುಂದಿನ ವಾರ ಎಲ್ಲಿಂದ ಹಿಡಿಯಬೇಕು. ಆಮೇಲೆ ನೀರು ಕುಡಿಯಬೇಕು, ಬಾತ್‌ರೂಮಿಗೆ ಹೋಗಬೇಕು, ಕಿಟಕಿ ತೆಗೆದು ಎರಡು ನಿಮಿಷ ನಿಲ್ಲಬೇಕು. ರಾತ್ರಿ ಒಟ್ಟಿಗೆ ಬರೆದರಾಯಿತು ಎಂದು ಮುಂದಕ್ಕೆ ಹಾಕಿದರೆ, ಮೂರು ಗಂಟೆಗೆ ಬಂದವರ ಅತ್ತೆಯ ಕತೆ ಐದು ಗಂಟೆಗೆ ಬಂದವರ ಪುಟಕ್ಕೆ ಸೇರಿಕೊಳ್ಳುತ್ತದೆ. ಊಟದ ತಟ್ಟೆಯ ಮುಂದೆ ಕೂತಿದ್ದರೂ ತಲೆ ರೂಮಿನಲ್ಲೇ ಇರುತ್ತದೆ.

ಈ ಹತ್ತು ನಿಮಿಷವನ್ನು ಉಳಿಸಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ. ನಲವತ್ತೆಂಟನೇ ನಿಮಿಷ. ಕ್ಲೈಂಟ್ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ಹೊರಟವರು ತಿರುಗಿ, "ಅಂದಹಾಗೆ, ನಮ್ಮ ಮಾವನ ವಿಷಯ ನಿಮಗೆ ಹೇಳೇ ಇಲ್ಲ ಅಲ್ವಾ?" ಎನ್ನುತ್ತಾರೆ. ಮುಖ್ಯವಾದದ್ದು ಹೀಗೆ ಹೊಸ್ತಿಲಲ್ಲಿ ಬರುವುದು ಅಪರೂಪವೇನಲ್ಲ. ಉತ್ತರ ಕೇಳಲು ಸಮಯ ಉಳಿದಿಲ್ಲ ಎನ್ನುವ ಧೈರ್ಯದಲ್ಲೇ ಎಷ್ಟೋ ಮಾತು ಹೊರಬೀಳುತ್ತದೆ. ಹೊಸಬರು ಕರಗಿ ಮತ್ತೆ ಕೂರುತ್ತಾರೆ. ನಾನು ಹೇಳಿಕೊಡುವುದು ಇಷ್ಟು: ನೀವೂ ಎದ್ದು ನಿಂತೇ, "ಇದು ದೊಡ್ಡ ವಿಷಯ. ಅವಸರದಲ್ಲಿ ಮುಗಿಸೋದು ಬೇಡ, ಮುಂದಿನ ವಾರ ಇಲ್ಲಿಂದಲೇ ಶುರು ಮಾಡೋಣ" ಅನ್ನಿ. ಅವರ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಮಾತ್ರ ಗಡಿಯಾರ ಪಕ್ಕಕ್ಕಿಡಿ. ಹೊರಗೆ ಕಾದಿರುವವರಿಗೆ ಹೇಳಿ ಕಳಿಸಿ, ಮಾತು ಮುಗಿಸಿ.

ಸಮಯದ ಈ ಬಿಗಿ ಇವತ್ತಿನದಲ್ಲ. 1913ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಚಿಕಿತ್ಸೆ ಆರಂಭಿಸುವ ಬಗ್ಗೆ ಹೊಸ ವೈದ್ಯರಿಗಾಗಿ ಬರೆದ ಪ್ರಬಂಧದಲ್ಲಿ, ಪ್ರತಿಯೊಬ್ಬರಿಗೂ ಒಂದು ನಿಗದಿತ ಗಂಟೆಯನ್ನು ಬಾಡಿಗೆಗೆ ಕೊಟ್ಟಂತೆ ಕೊಡುತ್ತೇನೆ, ಬರಲಿ ಬಿಡಲಿ ಆ ಗಂಟೆಯ ಹೊಣೆ ಅವರದೇ ಎಂದ. ಸಡಿಲ ಬಿಟ್ಟರೆ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ವೈದ್ಯನ ಹೊಟ್ಟೆಪಾಡಿಗೇ ಕುತ್ತು ಬರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಕಾರಣವನ್ನೂ ಕೊಟ್ಟ. ಅದೇ ಬರಹದಲ್ಲಿ ಇನ್ನೊಂದು ಮಾತಿದೆ. ರೋಗಿಯನ್ನು ಮಂಚದ ಮೇಲೆ ಮಲಗಿಸಿ ತಾನು ಅವರ ಹಿಂದೆ, ಕಣ್ಣಿಗೆ ಬೀಳದಂತೆ ಕೂರುವುದಕ್ಕೆ ಸಿದ್ಧಾಂತದ ಕಾರಣಗಳ ಜೊತೆಗೆ ಸ್ವಂತದ್ದೂ ಒಂದಿದೆ ಎನ್ನುತ್ತಾನೆ: ದಿನಕ್ಕೆ ಎಂಟು ಗಂಟೆ ಜನ ತನ್ನ ಮುಖವನ್ನೇ ನೋಡುತ್ತಿದ್ದರೆ ತಡೆಯಲಾಗದು. ಆ ಹೆಸರಾಂತ ಮಂಚದ ಹಿಂದೆ ಒಬ್ಬ ದಣಿದ ಮನುಷ್ಯನ ಅನುಕೂಲವೂ ಇತ್ತು!

ಫ್ರಾಯ್ಡ್ ತಪ್ಪಿಸಿಕೊಂಡ ಆ ನೋಟವನ್ನು ವಿಡಿಯೊ ಸೆಷನ್ ನಮಗೆ ದುಪ್ಪಟ್ಟು ಮಾಡಿ ಕೊಟ್ಟಿದೆ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್‌ಸನ್ 2021ರಲ್ಲಿ ವಿಡಿಯೊ ಕರೆಯ ದಣಿವಿಗೆ ನಾಲ್ಕು ಕಾರಣಗಳನ್ನು ಮುಂದಿಟ್ಟರು: ತೀರಾ ಹತ್ತಿರದ ಎಡೆಬಿಡದ ನೋಟ, ನಮ್ಮ ಮುಖವನ್ನು ನಾವೇ ನೋಡುತ್ತಿರುವುದು, ಅಲುಗಾಡದೆ ಕೂರುವುದು, ಸನ್ನೆಗಳನ್ನು ಕಷ್ಟಪಟ್ಟು ಓದಬೇಕಾಗುವುದು. ಮೂರನ್ನು ಇವತ್ತೇ ಸ್ವಲ್ಪ ತಗ್ಗಿಸಬಹುದು. ನಿಮ್ಮ ಚಿತ್ರವನ್ನು ಪರದೆಯಿಂದ ತೆಗೆಯಿರಿ, ವಿಂಡೊ ಚಿಕ್ಕದು ಮಾಡಿ, ಕುರ್ಚಿಯನ್ನು ಒಂದು ಮಾರು ಹಿಂದಕ್ಕೆಳೆಯಿರಿ. ಆನ್‌ಲೈನ್ ಎಂದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿತು, ಹಾಗಾಗಿ ಇನ್ನೆರಡು ಸೆಷನ್ ಸೇರಿಸಬಹುದು ಎನ್ನುವ ಲೆಕ್ಕಕ್ಕೆ ಮಾತ್ರ ಬೀಳಬೇಡಿ. ಉಳಿದದ್ದು ಸಮಯ, ತ್ರಾಣವಲ್ಲ.

ಹಾಗಾದರೆ ಎಷ್ಟು? ಹೊಸಬರಿಗೆ ನಾನು ಹೇಳುವುದು ದಿನಕ್ಕೆ ನಾಲ್ಕು, ವಾರಕ್ಕೆ ಹದಿನೆಂಟರಿಂದ ಇಪ್ಪತ್ತು. ಇದು ನನ್ನ ಅಂದಾಜು, ಶಾಸ್ತ್ರವಲ್ಲ. ಸೆಷನ್‌ಗಳೆಲ್ಲ ಒಂದೇ ತೂಕದವೂ ಅಲ್ಲ. ಜಗಳವಾಡುವ ಗಂಡ ಹೆಂಡತಿ ಜೊತೆ ಕಳೆದ ಒಂದು ಗಂಟೆ, ಪರೀಕ್ಷೆಯ ಭಯ ಹೇಳಿಕೊಳ್ಳುವ ಹುಡುಗನ ಜೊತೆಗಿನ ಎರಡು ಗಂಟೆಗೆ ಸಮನಾದೀತು. ಭಾರದ ಎರಡನ್ನು ಬೆನ್ನಿಗೆ ಬೆನ್ನು ಇಡಬೇಡಿ. ಹೊಸ ಕ್ಲೈಂಟ್‌ಗಳನ್ನು ವಾರಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರಿಗೆ ಮಿತಿ ಮಾಡಿ. ಮೊದಲ ಸೆಷನ್‌ನಲ್ಲಿ ಇಡೀ ಸಂಸಾರದ ಹೆಸರುಗಳು ತಲೆಗೆ ಹೋಗಬೇಕು. ಬೆಂಗಳೂರಿನಲ್ಲಿ ಎಲ್ಲರಿಗೂ ಬೇಕಾಗಿರುವುದು ಸಂಜೆ ಆರರಿಂದ ಒಂಬತ್ತು, ಇಲ್ಲವೇ ಶನಿವಾರ. ಸಂಜೆ ಕೂರುವ ದಿನ ಬೆಳಿಗ್ಗೆ ಒಂಬತ್ತಕ್ಕೇ ಬಾಗಿಲು ತೆಗೆದರೆ, ನಡುವೆ ಖಾಲಿ ಕೂತಿದ್ದರೂ ಅದು ಹನ್ನೆರಡು ಗಂಟೆಯ ದಿನವೇ. ಅಂಥ ದಿನ ಮಧ್ಯಾಹ್ನ ಶುರು ಮಾಡಿ.

ಇನ್ನು ದುಡ್ಡು. ವಾರಕ್ಕೆ ಇಪ್ಪತ್ತರಂತೆ ವರ್ಷಕ್ಕೆ 46 ವಾರ ಎಂದರೆ 920 ಸೆಷನ್. ಹತ್ತರಲ್ಲಿ ಒಂದು ರದ್ದಾಗುತ್ತದೆ ಅಂದುಕೊಳ್ಳಿ, 828. ಫೀ ಸಾವಿರ ರೂಪಾಯಿ ಇದ್ದರೆ 8,28,000. ಗಂಟೆಗೆ ₹300ರಂತೆ ರೂಮು ಬಾಡಿಗೆಗೆ ಹಿಡಿದಿದ್ದರೆ, ರದ್ದಾದ ಗಂಟೆಗಳೂ ಸೇರಿ ಅದಕ್ಕೇ 2,76,000 ಹೋಯಿತು. ಉಳಿದ ಐದೂವರೆ ಲಕ್ಷದಲ್ಲಿ ಸೂಪರ್‌ವಿಷನ್ (ನಮ್ಮ ಕೇಸುಗಳನ್ನು ಅನುಭವಿ ಥೆರಪಿಸ್ಟ್ ಒಬ್ಬರ ಜೊತೆ ಚರ್ಚಿಸುವುದು), ತರಬೇತಿ, ತೆರಿಗೆ ಎಲ್ಲವೂ ಬರಬೇಕು. ಇಲ್ಲಿ ಗಾಬರಿಯಾಗಿ ಸೆಷನ್ ಹೆಚ್ಚಿಸಲು ಹೋಗುವವರೇ ಬಹಳ. ಫೀ ನಿಗದಿ ಮಾಡುವಾಗಲೇ ಆ ಹತ್ತು ನಿಮಿಷಗಳನ್ನೂ ಸೂಪರ್‌ವಿಷನ್ನನ್ನೂ ರಜೆಯನ್ನೂ ಅದರೊಳಗೆ ಸೇರಿಸಿಕೊಳ್ಳಬೇಕಿತ್ತು. ಕಡಿಮೆ ಫೀಯಲ್ಲಿ ನೋಡುವ ಆಸೆಯಿದ್ದರೆ ಒಳ್ಳೆಯದೇ, ಅದಕ್ಕೆ ಮೂರೋ ನಾಲ್ಕೋ ಸ್ಲಾಟ್ ಎತ್ತಿಡಿ. ಬಂದವರ ಮುಖ ನೋಡಿ ಪ್ರತಿ ಸಲ ಚೌಕಾಸಿಗೆ ಕೂತರೆ ಆ ಮುಲಾಜೇ ಅರ್ಧ ದಿನದ ಸುಸ್ತು ತರುತ್ತದೆ. ಬರದೇ ಇದ್ದವರ ಹತ್ತಿರ ದುಡ್ಡು ಕೇಳುವುದಕ್ಕೂ ನಮ್ಮಲ್ಲಿ ಸಂಕೋಚ. ಇಪ್ಪತ್ತನಾಲ್ಕು ಗಂಟೆ ಮೊದಲು ತಿಳಿಸದಿದ್ದರೆ ಫೀ ಕೊಡಬೇಕು ಎನ್ನುವುದನ್ನು ಮೊದಲ ದಿನವೇ ಬರೆದು ಕೊಟ್ಟಿದ್ದರೆ ಆಮೇಲೆ ಬಾಯಿ ಬಿಟ್ಟು ಕೇಳುವ ಪ್ರಮೇಯ ಕಡಿಮೆ.

ರೂಮಿಗೆ ಬೀಗ ಹಾಕಿದ ಮೇಲೂ ಕೆಲಸ ವಾಟ್ಸ್ಯಾಪ್‌ನಲ್ಲಿ ಹಿಂಬಾಲಿಸುತ್ತದೆ. ರಾತ್ರಿ ಹನ್ನೊಂದೂವರೆಗೆ "ಮೇಡಂ, ಎಚ್ಚರ ಇದ್ದೀರಾ?" ಎಂಬ ಒಂದು ಸಾಲು ಸಾಕು, ನಿಮ್ಮ ನಿದ್ದೆ ಹೋಯಿತು. ಕೆಲಸಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ, ಎಂಟಕ್ಕೋ ಒಂಬತ್ತಕ್ಕೋ ಆಫ್ ಮಾಡಿ. ಹಾಗೆ ಮಾಡುವಾಗ ಕ್ಲೈಂಟನ್ನು ಕೈಬಿಟ್ಟಂತಾಗಬಾರದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರನ್ನೂ, ಹತ್ತಿರದ ಆಸ್ಪತ್ರೆಯ ಹೆಸರನ್ನೂ, ರಾತ್ರಿ ಎಬ್ಬಿಸಬಹುದಾದ ಮನೆಯವರೊಬ್ಬರ ಹೆಸರನ್ನೂ ಮೊದಲ ಸೆಷನ್‌ನಲ್ಲೇ ಕೂತು ಬರೆಸಿ.

"ಕೂತು ಮಾತಾಡೋಕೇನು ಸುಸ್ತು?" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ವಿಮಾನದ ಪರಿಚಾರಕಿಯರನ್ನು ಮುಂದಿಟ್ಟುಕೊಂಡು ಇದಕ್ಕೆ ಉತ್ತರ ಕೊಟ್ಟಿದ್ದಾರೆ: ಸಂಬಳಕ್ಕಾಗಿ ಭಾವನೆಗಳನ್ನು ಹದದಲ್ಲಿಟ್ಟುಕೊಳ್ಳುವುದೂ ಮೈಮುರಿಯುವ ದುಡಿಮೆಯೇ. ನಮ್ಮ ಕಷ್ಟ ಇನ್ನೊಂದು ಸುತ್ತು ಹೆಚ್ಚು, ಯಾಕೆಂದರೆ ಮನೆಗೆ ಬಂದು ಹೇಳಿಕೊಂಡು ಹಗುರಾಗುವಂತಿಲ್ಲ. ಗೋಪ್ಯತೆ ಎನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಪ್ಪಿದ ಹಕ್ಕು. ಹಾಗಾಗಿ ಸೂಪರ್‌ವಿಷನ್ ಶೋಕಿಯಲ್ಲ. ಹೇಳಿಕೊಳ್ಳಲು ನಿಮಗಿರುವ ಮುಖ್ಯ ಜಾಗ ಅದೇ.

ಹೇಳಿಕೊಳ್ಳದೆ ದುಡಿಯುತ್ತಲೇ ಹೋದರೆ ಒಳಗಿನ ತ್ರಾಣ ಬತ್ತಿಹೋಗುತ್ತದೆ, ಅದೇ ಬರ್ನ್‌ಔಟ್. ಅದರ ಬಗ್ಗೆ 1974ರಲ್ಲಿ ಲೇಖನ ಬರೆದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ನ್ಯೂಯಾರ್ಕಿನಲ್ಲಿ ಸ್ವಂತ ಪ್ರಾಕ್ಟೀಸ್ ನಡೆಸುತ್ತಲೇ ಉಚಿತ ಕ್ಲಿನಿಕ್‌ನಲ್ಲೂ ದುಡಿಯುತ್ತಿದ್ದ ಮನೋವಿಜ್ಞಾನಿ. ಸೋಮಾರಿಗಳ ಕಾಯಿಲೆ ಇದಲ್ಲ. ಮನೋವಿಜ್ಞಾನಿ ಕ್ರಿಸ್ಟಿನಾ ಮ್ಯಾಸ್ಲಾಕ್ ಗುರುತಿಸಿದ ಅದರ ಮೂರು ಲಕ್ಷಣಗಳಲ್ಲಿ ದಣಿವು ಬೇಗ ಗೊತ್ತಾಗುತ್ತದೆ. ನಾನು ಮಾಡುತ್ತಿರುವುದರಿಂದ ಏನೂ ಆಗುತ್ತಿಲ್ಲ ಎಂಬ ಭಾವವೂ ಒಂದು ದಿನ ಕಣ್ಣಿಗೆ ಬೀಳುತ್ತದೆ. ಗೊತ್ತಾಗದೆ ನುಸುಳುವುದು ಮೂರನೆಯದು: ಎದುರಿಗಿರುವವರು ಮನುಷ್ಯರಾಗಿ ಕಾಣದೆ ಹೋಗುವುದು. ಹೆಸರಿನ ಬದಲು "ಆ ನಾಲ್ಕು ಗಂಟೆ ಕೇಸು" ಎನ್ನತೊಡಗಿದರೆ ಕಿವಿ ನಿಮಿರಲಿ. ಸೆಷನ್ ರದ್ದಾಯಿತೆಂದು ಖುಷಿಪಡುವುದು ಎಲ್ಲರಿಗೂ ಆಗುವಂಥದ್ದೇ, ತಲೆ ಕೆಡಿಸಿಕೊಳ್ಳಬೇಡಿ. ಒಬ್ಬರದೇ ಸೆಷನ್ ರದ್ದಾಗಲಿ ಎಂದು ವಾರವಾರವೂ ಅನ್ನಿಸುತ್ತಿದ್ದರೆ ಅವರ ಹೆಸರನ್ನು ಸೂಪರ್‌ವಿಷನ್‌ಗೆ ಒಯ್ಯಿರಿ.

ವರ್ಷದ ಕ್ಯಾಲೆಂಡರ್ ತುಂಬುವಾಗ ರಜೆಯನ್ನು ಮೊದಲು ಬರೆದು, ಕ್ಲೈಂಟ್‌ಗಳಿಗೆ ತಿಂಗಳು ಮುಂಚೆ ತಿಳಿಸಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬರುವ ವಾರಗಳಲ್ಲಿ ಎರಡು ಸ್ಲಾಟ್ ಖಾಲಿ ಇಟ್ಟಿರಿ, ಅಪ್ಪ ಅಮ್ಮಂದಿರ ಫೋನು ಬಂದೇ ಬರುತ್ತದೆ. ಜಾಗ ತುಂಬಿದ ಮೇಲೂ ಫೋನು ಬಂದರೆ, "ಎರಡು ತಿಂಗಳವರೆಗೆ ನನ್ನಲ್ಲಿ ಸಮಯ ಇಲ್ಲ. ಅಲ್ಲಿಯವರೆಗೆ ಕಾಯೋದು ಬೇಡ, ನನಗೆ ಗೊತ್ತಿರುವ ಇನ್ನಿಬ್ಬರ ನಂಬರ್ ಕೊಡ್ತೀನಿ" ಎಂದು ಹೇಳಲು ಕಲಿಯಿರಿ. ಆ ಇಬ್ಬರು ಯಾರು, ಅವರ ಹತ್ತಿರ ಈಗ ಜಾಗ ಇದೆಯೇ ಎಂಬುದನ್ನು ತಿಂಗಳಿಗೊಮ್ಮೆ ವಿಚಾರಿಸಿಟ್ಟುಕೊಂಡಿರಿ.