ದಾದಿಯರ ಕೈಯಲ್ಲಿದ್ದ ಲೇಖನಿ



ದಾದಿ ಅಂದ ಕೂಡಲೇ ನಮಗೆ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ನೆನಪಾಗುತ್ತಾರೆ. ಅವರು ಇಂಗ್ಲೆಂಡಿನವರು. ಅದೇ 19ನೇ ಶತಮಾನದಲ್ಲಿ ಅಮೆರಿಕಾದಲ್ಲೂ ಇಂಥ ಹೆಂಗಸರಿದ್ದರು. ಅವರ ಬಗ್ಗೆ ಓದುವಾಗ ನನಗೆ ಒಂದು ವಿಷಯ ಎದ್ದು ಕಂಡಿತು. ಅವರು ಬರೀ ಗಾಯಕ್ಕೆ ಪಟ್ಟಿ ಕಟ್ಟಲಿಲ್ಲ, ಕಂಡದ್ದನ್ನು ಬರೆದೂ ಇಟ್ಟರು. ಆಗ ಅಲ್ಲಿ ಹೆಚ್ಚಿನ ಹೆಂಗಸರಿಗೆ ಓಟಿನ ಹಕ್ಕು ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

1. ಡೊರೊಥಿಯಾ ಡಿಕ್ಸ್ (1802–1887)

ಇವರು ಶಾಲಾ ಶಿಕ್ಷಕಿ. 1841ರಲ್ಲಿ ಮಸಾಚುಸೆಟ್ಸ್ ರಾಜ್ಯದ ಒಂದು ಜೈಲಿಗೆ ಹೆಣ್ಣು ಕೈದಿಗಳಿಗೆ ಪಾಠ ಹೇಳಲು ಹೋದರು. ಅಲ್ಲಿ ಯಾವ ಅಪರಾಧವನ್ನೂ ಮಾಡದ ಮಾನಸಿಕ ರೋಗಿಗಳನ್ನು ಕೂಡಿಹಾಕಿದ್ದರು. ಕೊರೆಯುವ ಚಳಿಯಲ್ಲೂ ಬೆಂಕಿ ಇಲ್ಲ! ಡಿಕ್ಸ್ ಸುಮ್ಮನೆ ಮರುಗಿ ಮನೆಗೆ ಹೋಗಲಿಲ್ಲ. ರಾಜ್ಯದ ಜೈಲು, ಬಡವರ ಆಶ್ರಮಗಳನ್ನೆಲ್ಲ ಸುತ್ತಿ, ಯಾವ ಊರಲ್ಲಿ ಯಾರನ್ನು ಸರಪಳಿ ಹಾಕಿ ಇಟ್ಟಿದ್ದಾರೆ ಅಂತ ಬರೆದುಕೊಂಡರು. 1843ರಲ್ಲಿ ಅದನ್ನೇ ಮನವಿಯಾಗಿ ಶಾಸನಸಭೆಗೆ ಕೊಟ್ಟರು. ಸಭೆಯಲ್ಲಿ ಮಂಡಿಸಿದವರು ಡಾ. ಸ್ಯಾಮ್ಯುಯೆಲ್ ಹೋವ್ ಎಂಬ ಸದಸ್ಯರು. ಇದರಿಂದ ವೂಸ್ಟರ್ ಊರಿನ ಮಾನಸಿಕ ಆಸ್ಪತ್ರೆಯನ್ನು ದೊಡ್ಡದು ಮಾಡಿದರು. 1861ರಲ್ಲಿ ಡಿಕ್ಸ್ ಸೈನ್ಯದ ದಾದಿಯರ ಮೇಲ್ವಿಚಾರಕಿಯಾದರು.

2. ಕ್ಲಾರಾ ಬಾರ್ಟನ್ (1821–1912)

ಗುಲಾಮಗಿರಿಯ ವಿಷಯದಲ್ಲಿ ಅಮೆರಿಕಾದ ಉತ್ತರದವರಿಗೂ ದಕ್ಷಿಣದವರಿಗೂ 1861ರಿಂದ 1865ರವರೆಗೆ ಯುದ್ಧ ನಡೆಯಿತು. ಬಾರ್ಟನ್ ಗಾಡಿಯಲ್ಲಿ ಔಷಧಿ, ಬಟ್ಟೆ ತುಂಬಿಕೊಂಡು ರಣರಂಗಕ್ಕೇ ಹೋದರು. 1862ರಲ್ಲಿ ಆಂಟೀಟಮ್ ಎಂಬಲ್ಲಿ ಒಂದು ಗುಂಡು ಅವರ ತೋಳಿನ ಬಟ್ಟೆ ತೂರಿಹೋಗಿ, ಅವರು ಉಪಚರಿಸುತ್ತಿದ್ದ ಸೈನಿಕನಿಗೆ ಬಡಿಯಿತು. ಅವನು ಅಲ್ಲೇ ಸತ್ತ.

ಯುದ್ಧ ಮುಗಿದರೂ ಸಾವಿರಾರು ತಾಯಂದಿರಿಗೆ ಮಗ ಬದುಕಿದ್ದಾನಾ, ಸತ್ತನಾ ಅನ್ನೋದೇ ಗೊತ್ತಿರಲಿಲ್ಲ. ಬಾರ್ಟನ್ ಒಂದು ಕಚೇರಿ ತೆರೆದು, ಕಾಣೆಯಾದವರ ಪಟ್ಟಿ ಅಚ್ಚು ಹಾಕಿಸಿ ಊರೂರಿಗೆ ಕಳಿಸಿದರು. ಬಂದ ಪತ್ರಗಳು 63,000ಕ್ಕೂ ಹೆಚ್ಚು. ಸುಮಾರು 22,000 ಸೈನಿಕರ ಸುದ್ದಿ ಸಿಕ್ಕಿತು. ಆಂಡರ್ಸನ್‌ವಿಲ್ ಸೆರೆ ಶಿಬಿರದಲ್ಲಿದ್ದ ಡೊರೆನ್ಸ್ ಅಟ್ವಾಟರ್ ಎಂಬ ಹುಡುಗ ಸತ್ತವರ ಹೆಸರುಗಳನ್ನು ಗುಟ್ಟಾಗಿ ನಕಲು ಮಾಡಿಟ್ಟಿದ್ದ. ಆ ಪಟ್ಟಿಯಿಂದಲೇ ಅಲ್ಲಿನ ಸುಮಾರು 13,000 ಗೋರಿಗಳಲ್ಲಿ ಹೆಚ್ಚಿನವಕ್ಕೆ ಹೆಸರು ಬಂತು. 1881ರಲ್ಲಿ ಬಾರ್ಟನ್ ಅಮೆರಿಕನ್ ರೆಡ್‌ಕ್ರಾಸ್ ಕಟ್ಟಿದರು.

3. ಲಿಂಡಾ ರಿಚರ್ಡ್ಸ್ (1841–1930)

1873ರಲ್ಲಿ ಬಾಸ್ಟನ್ನಿನಲ್ಲಿ ದಾದಿಯ ತರಬೇತಿ ಮುಗಿಸಿದರು. ಅಲ್ಲಿ ಕಲಿಯುವಾಗ ದಾದಿಯರಿಗೆ ಔಷಧಿಯ ಹೆಸರನ್ನೇ ಹೇಳುತ್ತಿರಲಿಲ್ಲವಂತೆ! ಬಾಟಲಿ ಮೇಲೆ ಬರೀ ನಂಬರು. ಮುಂದೆ ಅವರು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಮೇಲ್ವಿಚಾರಕಿಯಾದಾಗ ಒಬ್ಬೊಬ್ಬ ರೋಗಿಯ ವಿವರವನ್ನೂ ಬರೆದಿಡುವ ಪದ್ಧತಿ ತಂದರು. ಬಾಯಿಮಾತಲ್ಲಿ ಹೇಳಿದ್ದು ಮರೆತುಹೋಗಬಹುದು, ಬರೆದಿಟ್ಟರೆ ಬೆಳಗಿನ ದಾದಿಗೂ ಡಾಕ್ಟರಿಗೂ ತಿಳಿಯುತ್ತೆ.

4. ಹ್ಯಾರಿಯೆಟ್ ಟಬ್‌ಮನ್ (ಮರಣ 1913)

ಗುಲಾಮಳಾಗಿ ಹುಟ್ಟಿದ ಇವರಿಗೆ ಓದು ಬರಹದ ಅವಕಾಶವೇ ಸಿಗಲಿಲ್ಲ. 1849ರಲ್ಲಿ ತಪ್ಪಿಸಿಕೊಂಡರು, ಬೇರೆಯವರನ್ನೂ ಬಿಡಿಸಿ ತಂದರು. ಯುದ್ಧದಲ್ಲಿ ಸೈನಿಕರಿಗೂ ಬಿಡುಗಡೆಯಾದ ಗುಲಾಮರಿಗೂ ಶುಶ್ರೂಷೆ ಮಾಡಿದರು, ಬೇರುಗಳಿಂದ ಔಷಧಿ ಕಾಯಿಸಿ ಕೊಟ್ಟರು. ಆದರೆ ಅವರ ಕೆಲಸ ಸರ್ಕಾರದ ಪುಸ್ತಕದಲ್ಲಿ ಸರಿಯಾಗಿ ಬರೆದಿರಲಿಲ್ಲ. ದಾದಿಯ ಕೆಲಸಕ್ಕೆ ಮನ್ನಣೆ ಸಿಕ್ಕಿ ತಿಂಗಳಿಗೆ 20 ಡಾಲರ್ ಪಿಂಚಣಿ ಆದದ್ದು 1899ರಲ್ಲಿ. ಅಂದರೆ ಯುದ್ಧ ಮುಗಿದು 34 ವರ್ಷ ಆದ ಮೇಲೆ!

ಮೊದಲ ಮೂವರ ಕಥೆ ಬರೆದಿಟ್ಟರೆ ಏನಾಗುತ್ತೆ ಅಂತ ಹೇಳುತ್ತೆ. ನಾಲ್ಕನೆಯದು, ಬರೆದಿಡದೆ ಹೋದರೆ ಯಾರಿಗೆ ನಷ್ಟ ಅಂತ ಹೇಳುತ್ತೆ. ಹೆಸರು, ಊರು, ದಿನಾಂಕ ಇವು ಸಣ್ಣ ವಿಷಯ ಅಲ್ಲ ಅಂತ ನನಗನ್ನಿಸಿತು.

ಉತ್ತರ ಹೇಳಿ ನೋಡೋಣ:
ಅ) ಡಿಕ್ಸ್ ತಮ್ಮ ಮನವಿಯನ್ನು ಯಾವ ವರ್ಷ ಕೊಟ್ಟರು?
ಆ) ಸತ್ತವರ ಪಟ್ಟಿಯನ್ನು ಗುಟ್ಟಾಗಿ ಬರೆದಿಟ್ಟವನು ಯಾರು?
ಇ) ಟಬ್‌ಮನ್‌ಗೆ ಪಿಂಚಣಿ ತಡವಾದದ್ದು ಯಾಕೆ?