ಸ್ಟಾರ್ ಏರ್: ಗಡಿಭಾಗದ ಪ್ರಾದೇಶಿಕ ವಿಮಾನಸೇವೆ
ಸ್ಟಾರ್ ಏರ್, ಕೊಲ್ಹಾಪುರ ಜಿಲ್ಲೆಯ ಸಂಜಯ್ ಘೋಡಾವತ್ ಸಮೂಹಕ್ಕೆ ಸೇರಿದ ಪ್ರಾದೇಶಿಕ ವಿಮಾನಯಾನ ಸಂಸ್ಥೆ. 2019ರ ಜನವರಿ 25ರಂದು ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಸೇವೆ ಆರಂಭಿಸಿತು. ಅದೇ ವರ್ಷ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣದ ವಾಣಿಜ್ಯ ಸೇವೆಗೂ ಇದರ ವಿಮಾನವೇ ಚಾಲನೆ ನೀಡಿತು.

ಸಂಸ್ಥೆಯ ಬೆನ್ನೆಲುಬು ಕೇಂದ್ರದ ಉಡಾನ್ ಯೋಜನೆ. ಇದರಡಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಕೆಲವು ಆಸನಗಳ ದರವನ್ನು ಆರಂಭದಲ್ಲಿ 2,500 ರೂಪಾಯಿಗೆ ಮಿತಿಗೊಳಿಸಿ, ನಷ್ಟದ ಅಂತರವನ್ನು ಸರ್ಕಾರ ತುಂಬಿಕೊಡುತ್ತದೆ. ಈ ನೆರವಿಲ್ಲದೆ ಸಣ್ಣ ಊರುಗಳ ಮಾರ್ಗಗಳು ಉಳಿಯುವುದು ಕಷ್ಟ. ಮೊದಲಿಗೆ 50 ಆಸನಗಳ ಬ್ರೆಜಿಲ್ ನಿರ್ಮಿತ ಎಂಬ್ರೇಯರ್ 145, 2023ರಿಂದ 76 ಆಸನಗಳ ಎಂಬ್ರೇಯರ್ 175 ಜೆಟ್‌ಗಳು ಬಳಕೆಗೆ ಬಂದವು.

ಗಡಿಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ವಿಮಾನ ಹತ್ತಲು ಅಲ್ಲಿನವರು ಬೆಳಗಾವಿಯ ಸಾಂಬ್ರಾ ಇಲ್ಲವೇ ಕೊಲ್ಹಾಪುರ ನಿಲ್ದಾಣಕ್ಕೆ ಹೋಗಬೇಕು. ನಿಪ್ಪಾಣಿಗೆ ಕೊಲ್ಹಾಪುರವೇ ಹತ್ತಿರ.